ಚಕ್ಕುಬಂದಿ

ಕಾವೇರಿ ನಿಂತಿದೆ.
ನದಿಯಲ್ಲ, ಅದು ವಿ.ಸಿ. ನಾಲೆಯಲ್ಲಿ ಎಂದಿನಂತೆ ಹರಿಯುತ್ತಿದೆ;
ನಿಂತದ್ದು ಸಬ್‌ರಿಜಿಸ್ಟ್ರಾರ್ ಆಫೀಸಿನ
ಕಂಪ್ಯೂಟರಿನೊಳಗಿನ ಕಾವೇರಿ.
ಪಾಂಡವಪುರದ ಈ ಹೊಂಗೆಮರದಡಿ
ಹನ್ನೊಂದೂವರೆಯಿಂದ ಕಾಯುತ್ತಿದ್ದೇವೆ:
ಪತ್ರ ಬರೆಯುವ ನಾನು,
ಎರಡು ಗುಂಟೆ ಹಿತ್ತಲನ್ನು ವಾರಗಿತ್ತಿಯ ಮಗನಿಗೆ
ಕೊಟ್ಟಿಗೆ ಕಟ್ಟಲು ಕ್ರಯಕ್ಕೆ ಕೊಡಲಿರುವ ಕೆಂಪೀರಮ್ಮ,
ಸಾಕ್ಷಿಗಳಿಬ್ಬರು. ಒಬ್ಬನಿಗೆ ಆಗಲೇ ನಿದ್ದೆ.

ಕಡಲೆಕಾಯಿ ಮುಗಿದು ಪೊಟ್ಟಣ ಬಿಚ್ಚಿದೆ.
ಯಾವುದೋ ಮಗುವಿನ ಸಾಮಾನ್ಯ ಜ್ಞಾನದ ಪುಟ,
ತಲೆಬರಹ ಅಲಾಸ್ಕ, ಕೆಳಗಂಚು ಹರಿದಿದೆ.
ಹೊತ್ತು ಹೋಗಲೆಂದು ಗಟ್ಟಿಯಾಗಿ ಓದಿದೆ.

ಅಮೆರಿಕದ ಅತಿ ದೊಡ್ಡ ರಾಜ್ಯ.
ಸಾವಿರದ ಎಂಟುನೂರ ಅರವತ್ತೇಳರಲ್ಲಿ
ರಷ್ಯಾದಿಂದ ಕ್ರಯಕ್ಕೆ ಪಡೆದದ್ದು,
ಎಪ್ಪತ್ತೆರಡು ಲಕ್ಷ ಡಾಲರಿಗೆ.
ಎಕರೆಗೆ ಎರಡು ಸೆಂಟು.

ಗುಂಟೆಗೆ ಎಷ್ಟಾಯಿತು? ಬೆರಳ ಮೇಲೇ ಲೆಕ್ಕ ಹಾಕಿದೆ:
ಒಂದು ಸೆಂಟನ್ನು ಇಪ್ಪತ್ತು ಚೂರು ಮಾಡಿ, ಅದರಲ್ಲೊಂದು ಚೂರು.
"ಅಷ್ಟಕ್ಕೆ ಬೇಲಿಮುಳ್ಳೂ ಬರಾಕಿಲ್ಲ ಕನಪ್ಪ" ಅಂದರು ಕೆಂಪೀರಮ್ಮ.
"ಚಕ್ಕುಬಂದಿ ಏನಂತ ಹಾಕವ್ರೆ?"

ಹಾಕಿರಲಿಲ್ಲ. ಪುಟದಲ್ಲಿದ್ದುದನ್ನು ಜೋಡಿಸಿ ನಾನೇ ಹಾಕಿದೆ.
ಪೂರ್ವಕ್ಕೆ ಕೆನಡಾದವರ ಜಮೀನು,
ಉತ್ತರಕ್ಕೆ ಹೆಪ್ಪುಗಟ್ಟಿದ ಸಮುದ್ರ,
ದಕ್ಷಿಣಕ್ಕೆ ಹೆಪ್ಪುಗಟ್ಟದ ಸಮುದ್ರ,
ಪಶ್ಚಿಮಕ್ಕೆ ಮಾರಿದವನದೇ ಮನೆ.
ಅವನದೊಂದು ದ್ವೀಪ, ಇವರದೊಂದು ದ್ವೀಪ,
ನಡುವೆ ನಾಲ್ಕೇ ಕಿಲೋಮೀಟರು,
ಇಲ್ಲಿ ಇವತ್ತು, ಅಲ್ಲಿ ನಾಳೆ.
ಮೂವತ್ತು ವರ್ಷ ಪತ್ರ ಬರೆದಿದ್ದೇನೆ,
ಇಂಥ ಗಡಿಕಲ್ಲು ಕಂಡಿಲ್ಲ.

ರಾಜಧಾನಿಗೆ ರಸ್ತೆಯಿಲ್ಲ,
ಹಡಗಿನಲ್ಲೋ ವಿಮಾನದಲ್ಲೋ ಹೋಗಬೇಕು.
"ದಾರಿ ಬಿಡಿಸ್ಕಳ್ದೆ ಕ್ರಯ ಮಾಡ್ಕೊಂಡ್ರೆ ಅಂಗೇ ಆಗದು"
ಮಲಗಿದ್ದ ಸಾಕ್ಷಿ ಕಣ್ಣು ಬಿಡದೆ ಹೇಳಿದ.
ಅರವತ್ತು ಕಿಲೋ ದಾಟಿದ ಎಲೆಕೋಸು ಅಲ್ಲಿ ಬೆಳೆದಿದೆಯಂತೆ.
ಇದನ್ನು ಮಾತ್ರ ಯಾರೂ ನಂಬಲಿಲ್ಲ.

ನಾನು ತಡೆದು ನಿಂತದ್ದು ಬೇರೆ ಕಡೆ.
ಕೊಂಡ ಮೂವತ್ತು ವರ್ಷಕ್ಕೆ ಚಿನ್ನ,
ನೂರು ವರ್ಷಕ್ಕೆ ಎಣ್ಣೆ.
ನಾವು ಹಿತ್ತಲಿಗೂ ಬರೆಯುತ್ತೇವೆ,
ನಿಧಿ ನಿಕ್ಷೇಪ ಜಲ ತರು ಪಾಷಾಣ
ಅಕ್ಷೀಣ ಆಗಾಮಿ... ಬಾಯಿಪಾಠ,
ಅರ್ಥ ಕೇಳಿದವರಿಲ್ಲ, ನಾನೂ ಕೇಳಿಕೊಂಡಿಲ್ಲ.
ಆಗಾಮಿ ಅಂದರೆ ಇದು.
ಮಾರುವವನ ಕಣ್ಣಿಗೆ ಬೀಳದ್ದೂ
ಪತ್ರದೊಳಗೆ ಹೋಗಿಬಿಡುತ್ತದೆ.
ಕೊನೆಗೆ ಸೇರಿಸುತ್ತೇವೆ, ಆಚಂದ್ರಾರ್ಕವಾಗಿ
ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.
ಅಲ್ಲೊಂದು ಊರಲ್ಲಿ ಎರಡು ತಿಂಗಳು
ಸೂರ್ಯ ಹುಟ್ಟುವುದೇ ಇಲ್ಲ.
ಆ ಎರಡು ತಿಂಗಳು ಜಮೀನು ಯಾರದು?

"ಅಲ್ಲಿದ್ದ ಜನ ರುಜು ಹಾಕಿದ್ರಾ?"
ಕೆಂಪೀರಮ್ಮ ಕೇಳಿದ್ದು ಮೆಲ್ಲಗೆ.
ಪುಟ ತಿರುಗಿಸಿದೆ. ಹಿಂದೆ ಆಫ್ರಿಕದ ನದಿಗಳು, ಎಣ್ಣೆಕಲೆ.
ರುಜು ಮಾಡಿದ್ದು ಕೊಟ್ಟವರು, ಕೊಂಡವರು,
ಬೆಳಗಿನ ಜಾವ ನಾಲ್ಕಕ್ಕೆ.
"ಇದ್ದವರ ಬಗ್ಗೆ ಇಲ್ಲಿ ಬರೆದಿಲ್ಲಮ್ಮ."
ಅವರು ತಮ್ಮ ಹೆಬ್ಬೆರಳು ನೋಡಿಕೊಂಡರು.
ಅದರ ಗೆರೆ ಸವೆದಿದೆ,
ಹೋದ ವಾರ ಯಂತ್ರ ಎರಡು ಸಲ ಒಪ್ಪಿರಲಿಲ್ಲ.

ಉಳಿದದ್ದು ಒಂದೇ ಸಂಗತಿ.
ಜಮೀನು ಕೈ ಬದಲಾದಾಗ
ರಷ್ಯಾದ ಪಂಚಾಂಗ ಹೋಗಿ ಅಮೆರಿಕದ್ದು ಬಂತು,
ದಿನ ಬದಲಾಗುವ ಗೆರೆಯೂ ಆಚೆ ಸರಿಯಿತು,
ಶುಕ್ರವಾರ ಕಳೆದು ಬೆಳಗಾದರೆ
ಅಲ್ಲಿ ಮತ್ತೆ ಶುಕ್ರವಾರ.

ಇವತ್ತೂ ಶುಕ್ರವಾರ. ನಾಳೆ ಎರಡನೇ ಶನಿವಾರ.
ಗುಮಾಸ್ತ ಕಿಟಕಿಯಿಂದಲೇ ಕೈಯಾಡಿಸಿದ,
ಬಂದಿಲ್ಲ, ಸೋಮವಾರ ಬನ್ನಿ.
"ನಾಳೀಕೂ ಶುಕ್ರವಾರ ಮಾಡಿ ಅನ್ನಪ್ಪ ಅವರ್ಗೆ"
ಎನ್ನುತ್ತ ಕೆಂಪೀರಮ್ಮ ಎದ್ದು
ಮಡಿಲಿನ ಕಡಲೆಸಿಪ್ಪೆ ಕೊಡವಿದರು.
ಸಾಕ್ಷಿಯನ್ನು ಎಬ್ಬಿಸಿದರು.
ಎರಡು ಹೆಜ್ಜೆ ಹೋಗಿ ತಿರುಗಿ,
"ಆ ಜಾಸ್ತಿ ಬಂದಿದ್ದು ಒಂದು ದಿನ,
ಅದು ಯಾರ ಹೆಸರಿಗಾಯ್ತು?"

ಪುಟ ಅಲ್ಲಿಗೆ ಹರಿದಿತ್ತು.